ಮೇನ್ ಇಳಿಸಿ ಹೊರಡುವವನು

ಮೇನ್ ಸ್ವಿಚ್ ಇಳಿಸದೆ ಮನೆಗೆ ಬೀಗ ಹಾಕಿದ ದಿನವೆಂಬುದು ವೈರ್‌ಮನ್‌ನ ಬದುಕಿನಲ್ಲಿ ಇಲ್ಲವೇ ಇಲ್ಲ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಬೀಗ ಹಾಕಿದ ಮನೆಯೊಂದು ಒಳಗೊಳಗೇ ಉರಿದು ಬೂದಿಯಾದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆಮೇಲೆ ಹಿಡಿದ ಅಭ್ಯಾಸ, ನಲವತ್ತು ವರ್ಷವಾದರೂ ಬಿಟ್ಟಿಲ್ಲ. ಚಪ್ಪಲಿ ಮೆಟ್ಟುವ ಮೊದಲು ಬಲಗೈ ತಾನಾಗಿಯೇ ಬಾಗಿಲ ಪಕ್ಕದ ಬೋರ್ಡಿಗೆ ಹೋಗುತ್ತದೆ, ಖಟ್ ಅನ್ನುತ್ತದೆ. ಕೈ ಮಾಡಿದ್ದು ತಲೆಗೆ ಗೊತ್ತೂ ಆಗುವುದಿಲ್ಲ. “ನಿನ್ನ ದೆಸೆಯಿಂದ ಫ್ರಿಜ್ಜಲ್ಲಿಟ್ಟ ಹಾಲೆಲ್ಲ ಒಡೆದುಹೋಗ್ತಿದೆ ಕಣೋ” ಎಂದು ಅಕ್ಕ ಬೈದೂ ಬೈದೂ ಸುಸ್ತಾದ ಮೇಲೆ, ಫ್ರಿಜ್ಜೊಂದಕ್ಕೆ ಮಾತ್ರ ಮೇನ್ ದಾಟಿಸಿ ಬೇರೆ ಲೈನ್ ಎಳೆದುಕೊಟ್ಟಿದ್ದ. ಅದೂ ಒಲ್ಲದ ಮನಸ್ಸಿನಿಂದ.

ಒಂಬತ್ತನೇ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರೂ ಹೋದಾಗ ಅವನನ್ನು ಕರೆತಂದು ಸಾಕಿದವಳು ಈ ಅಕ್ಕ. ಅವಳಿಗಾಗ ಮದುವೆಯಾಗಿ ಎರಡು ವರ್ಷ. ತವರಿನಿಂದ ಬಂದ ಬಳುವಳಿ ಎನ್ನುವ ಹಾಗೆ ತಮ್ಮನನ್ನೂ ಒಂದು ಟ್ರಂಕನ್ನೂ ತಂದು ನಿಲ್ಲಿಸಿದರೆ ಯಾವ ಗಂಡಸಾದರೂ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಭಾವ ಹಾಕಿಕೊಳ್ಳಲಿಲ್ಲ. “ಬಾರೋ ಫ್ಯೂಸು” ಎಂದ. ಒಂದು ಮಾತು ಹೆಚ್ಚಾದರೆ ಹುಡುಗ ಹಾರಿಹೋಗುತ್ತಾನೆಂದು ಆ ಹೆಸರು. ಅದೇ ನಿಂತುಹೋಯಿತು. ಅಕ್ಕ ಭಾವಂದಿರಿಗೆ ಮಕ್ಕಳಾಗಲಿಲ್ಲ, ಇವನು ಮದುವೆಯ ಗೊಡವೆಗೆ ಹೋಗಲಿಲ್ಲ. ಮೂರು ಜನ ಆ ಎರಡು ಕೋಣೆಯ ಮನೆಯಲ್ಲಿ ಜಗಳಾಡಿಕೊಂಡು ಸುಖವಾಗಿದ್ದರು.

ಇವನದೊಂದು ವಿಚಿತ್ರ ಸ್ವಭಾವ, ಹೇಳಿಬಿಡುತ್ತೇನೆ. ಪ್ರೀತಿಯನ್ನು ಬಾಯಲ್ಲಿ ಹೇಳಲು ಬಾರದು, ರಿಪೇರಿಯಲ್ಲಷ್ಟೇ ಬರುತ್ತದೆ. ಅಕ್ಕ ಮಂಡಿ ನೋವೆಂದರೆ ಪಕ್ಕ ಕೂತು “ತುಂಬಾ ನೋಯುತ್ತಾ?” ಎಂದು ಕೇಳುವ ಜಾತಿಯಲ್ಲ. ಡ್ರಿಲ್ ತಂದು ಬಚ್ಚಲಿನ ಗೋಡೆಗೆ ಕಂಬಿ ಕೂರಿಸಿ, ಧೂಳು ಗುಡಿಸಿ, ಮಾತಿಲ್ಲದೆ ಎದ್ದು ಹೋಗುವ ಜಾತಿ.

ಭಾವನದು ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಕೆಲಸ. ದಿನವಿಡೀ ಮೈಕಿನಲ್ಲಿ ಬಸ್ಸಿನ ಹೊತ್ತು ಕೂಗಿ ಕೂಗಿ ಅವನಿಗೊಂದು ಹುಚ್ಚು ಹತ್ತಿತ್ತು. ಭಾನುವಾರ ಊಟವಾದ ಮೇಲೆ ಟೇಪ್ ರೆಕಾರ್ಡರ್ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ರೇಡಿಯೋದವರ ಗತ್ತಿನಲ್ಲಿ ‘ಮನೆ ವಾರ್ತೆ’ ಓದುತ್ತಿದ್ದ. “ಅಡುಗೆಮನೆ ವಲಯದಲ್ಲಿ ಈ ವಾರ ತೀವ್ರ ಅಸಮಾಧಾನ ಕಂಡುಬಂದಿದೆ. ಫ್ಯೂಸು ಅವರು ಹೊಸ ಅಂಗಿಯನ್ನು ಏಣಿಗೆ ಸಿಕ್ಕಿಸಿ ಹರಿದುಕೊಂಡಿದ್ದು, ತನಿಖೆ ಮುಂದುವರಿದಿದೆ.” ಹೀಗೆ ಮೂವತ್ತು ವರ್ಷ, ಒಂದು ವಾರವೂ ತಪ್ಪದೆ. ನಿವೃತ್ತಿಯಾದ ಮೇಲೆ ಆ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ರೂಟರ್ ಪಕ್ಕ ಇಡುವ ಕಪ್ಪು ಪೆಟ್ಟಿಗೆಯೊಂದನ್ನು ತಂದು ಅದರ ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿದ. ಸಾವಿರದ ಐನೂರಕ್ಕೂ ಮಿಕ್ಕಿದ ವಾರ್ತೆಗಳು. ಒಂದೊಂದಕ್ಕೂ ಹೆಸರೆಂದರೆ ಬರೀ ತಾರೀಖು, ಬೇರೇನೂ ಇಲ್ಲ. ಆರು ವರ್ಷದ ಹಿಂದೆ ಭಾವ ತೀರಿಕೊಂಡ. ಪೆಟ್ಟಿಗೆಯ ತಂಟೆಗೆ ಆಮೇಲೆ ಯಾರೂ ಹೋಗಲಿಲ್ಲ.

ಈ ಸಲ ಅಕ್ಕ ಆಸ್ಪತ್ರೆ ಸೇರಿದಾಗ ಡಾಕ್ಟರು ಇವನನ್ನು ಹೊರಗೆ ಕರೆದು, “ವಾರಗಳ ಲೆಕ್ಕ ಇಲ್ಲ, ದಿನಗಳು ಅಷ್ಟೇ. ಮನೆಗೆ ಕರ್ಕೊಂಡು ಹೋಗೋ ಹಾಗೂ ಇಲ್ಲ, ಆಕ್ಸಿಜನ್ ಬೇಕು” ಎಂದರು. ಅಕ್ಕನಿಗೂ ಅದು ತಿಳಿದಿತ್ತು. ಅವಳು ಕೇಳಿದ್ದು ಒಂದೇ.

“ನಿಮ್ಮ ಭಾವ ನನ್ನ ಹತ್ರ ಕ್ಷಮೆ ಕೇಳಿದ್ದ ವಾರ್ತೆ ಇದೆಯಲ್ಲ, ಅದನ್ನ ಕೇಳ್ಬೇಕು ಕಣೋ. ಹನ್ನೊಂದು ದಿನ ಮಾತು ಬಿಟ್ಟಿದ್ರು. ಕೊನೆಗೆ ಭಾನುವಾರ ವಾರ್ತೇಲಿ, ‘ಯಜಮಾನರು ವಿಷಾದ ವ್ಯಕ್ತಪಡಿಸಿದ್ದಾರೆ’ ಅಂತ ಓದಿದ್ರು. ಬಾಯಿಬಿಟ್ಟು ತಪ್ಪಾಯ್ತು ಅಂದಿದ್ದು ಜನ್ಮದಲ್ಲಿ ಅದೊಂದೇ ಸಲ.”

“ಯಾವ ವರ್ಷ ಅಕ್ಕ?”

“ಅದು ನೆನಪಿದ್ರೆ ನಿನ್ನನ್ನ ಯಾಕೆ ಕೇಳ್ತಿದ್ದೆ? ಶುರುವಿನ ನಾಲ್ಕು ಮಾತು ಕೇಳಿದ್ರೆ ಸಾಕು, ಅದಕ್ಕಿಂತ ಹಿಂದಿನದೋ ಮುಂದಿನದೋ ಹೇಳ್ತೀನಿ.”

ಅಂದಾಜಿನ ಮೇಲೆ ಇಪ್ಪತ್ತು ವಾರ್ತೆಗಳನ್ನು ಹಳೆಯ ಕ್ಯಾಸೆಟ್ಟುಗಳಿಂದ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದ. ಅಕ್ಕ ಕಣ್ಣು ಮುಚ್ಚಿ ಕೇಳಿ, ಒಂದೆರಡಕ್ಕೆ ನಕ್ಕು, “ಅದಲ್ಲ ಕಣೋ” ಎಂದಳು. ಮಾರನೇ ದಿನ ಇನ್ನಿಪ್ಪತ್ತು. ಅದೂ ಅಲ್ಲ. ಹೀಗೆ ಒಯ್ದು ತಂದು ಮಾಡುತ್ತ ಕೂತರೆ ಅಕ್ಕನ ದಿನಗಳು ಮುಗಿದುಹೋಗುತ್ತವೆಂದು ಸೀದಾ ಕಂಪ್ಯೂಟರ್ ಅಂಗಡಿಗೆ ಹೋದ. ಮನೆಯ ಪೆಟ್ಟಿಗೆಯೇ ಆಸ್ಪತ್ರೆಯ ಮಂಚದ ಮೇಲೆ ತೆರೆದುಕೊಳ್ಳಬೇಕು, ಅಕ್ಕ ತನಗೆ ಬೇಕಾದದ್ದನ್ನು ತಾನೇ ಹುಡುಕಿಕೊಳ್ಳಬೇಕು. ಹಾಗೆ ಮಾಡಬಹುದೆಂದು ಅಂಗಡಿಯಾಕೆ ಹೇಳಿದಳು.

ಕರೆಂಟಿನ ವಿಷಯದಲ್ಲಿ ಅವನು ಹುಲಿ. ಆದರೆ ಈ ಪಾಸ್‌ವರ್ಡು, ಆ್ಯಪು, ಸೆಟ್ಟಿಂಗಿನ ಲೋಕದಲ್ಲಿ ಅಂಬೆಗಾಲು. ಒಂದಿಡೀ ದಿನ ತಲೆ ಚಿಟ್ಟು ಹಿಡಿಸಿಕೊಂಡು ಕೂತ. ಭಾವ ಇಟ್ಟಿದ್ದ ಪಾಸ್‌ವರ್ಡ್ ಪೆಟ್ಟಿಗೆಯ ತಳದಲ್ಲಿ ಚೀಟಿಯಾಗಿ ಅಂಟಿಕೊಂಡು ಕಾಯುತ್ತಿತ್ತು: ಅಕ್ಕನ ಹುಟ್ಟಿದ ದಿನ. ಸಂಜೆಗೆ ಫೋನಿನಲ್ಲಿ ವಾರ್ತೆಗಳ ಪಟ್ಟಿ ತೆರೆದುಕೊಂಡಾಗ ಗೆದ್ದೆನೆಂದು ಬೀಗಿದ. ಅನುಮಾನಕ್ಕೆಂದು ಬೀದಿಯ ತಿರುವಿನವರೆಗೆ ಹೋಗಿ ನೋಡಿದರೆ ಎಲ್ಲ ಮಾಯ.

“ಮನೆಯೊಳಗೆ ಸಿಗೋದು ದೊಡ್ಡದಲ್ಲ ಅಣ್ಣ, ಅದು ಮನೆ ವೈಫೈ” ಎಂದಳು ಅಂಗಡಿಯಾಕೆ ಫೋನಿನಲ್ಲಿ. “ಹೊರಗಿನಿಂದ ಸಿಗೋಕೆ ಅನುಮತಿ ಕೊಡ್ಬೇಕು. ಪೆಟ್ಟಿಗೆ ಸೆಟ್ಟಿಂಗಲ್ಲಿ ‘ಹೊರಗಿನ ಸಂಪರ್ಕ’ ಅಂತಿದೆ ನೋಡಿ, ಅದನ್ನ ಆನ್ ಮಾಡಿ, ಒಂದು ಖಾತೆ ತೆರೀರಿ.”

ಮಾಡಿದ. ಮರುದಿನ ವೈಫೈ ಆಫ್ ಮಾಡಿ ಬರೀ ಮೊಬೈಲ್ ಡೇಟಾದಲ್ಲಿ ಬೀದಿಯ ತಿರುವಿನಲ್ಲಿ ನೋಡಿದ, ಬಂತು. ಮನೆಯ ಬಾಗಿಲು ತೆರೆದಿಟ್ಟು, ಎದುರುಮನೆಯವರಿಗೆ ಹೇಳಿ, ಬಸ್ ನಿಲ್ದಾಣದವರೆಗೂ ಹೋಗಿ ನೋಡಿದ, ಅಲ್ಲೂ ಬಂತು. ಭಾವ ಜೀವಮಾನವಿಡೀ ಕೂಗಿದ ಜಾಗದಲ್ಲೇ ನಿಂತು ಭಾವನ ದನಿ ಕೇಳಿದಾಗ, ಸುತ್ತಲಿನವರು ನೋಡಿದರೆ ನೋಡಲಿ ಎಂದು ಅತ್ತುಬಿಟ್ಟ.

ಅದರ ಮಾರನೆಯ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು, ಮದುವೆ ಮನೆಗೆ ಹೊರಟವನ ಹಾಗೆ ಹೊರಟ. ಬೀಗ ಹಾಕಿದ. ಐವತ್ತು ನಿಮಿಷದ ಬಸ್ಸು.

ಅಕ್ಕನ ದನಿ ಆ ಹೊತ್ತಿಗೆ ಬಹಳ ಇಳಿದಿತ್ತು. ಆದರೂ ಅವನ ಮುಖ ನೋಡಿ, “ಏನೋ, ಇಷ್ಟು ಮಿಂಚ್ತಿದ್ದೀಯ?” ಎಂದಳು. ಅವನು ಸ್ಟೂಲ್ ಎಳೆದುಕೊಂಡು ಆ್ಯಪ್ ಒತ್ತಿದ. ಚಕ್ರ ತಿರುಗಿತು, ತಿರುಗಿತು, ‘ನಿಮ್ಮ ಸಾಧನ ಸಿಗುತ್ತಿಲ್ಲ’ ಎಂದಿತು. ಮತ್ತೆ ಒತ್ತಿದ. ಕಿಟಕಿಯ ಹತ್ತಿರ ಹೋಗಿ ಒತ್ತಿದ. ಫೋನ್ ಆಫ್ ಮಾಡಿ ಆನ್ ಮಾಡಿದ. ಪಾಸ್‌ವರ್ಡನ್ನು ಮೂರು ಸಲ ಹೊಡೆದ. ಅಂಗಡಿಯಾಕೆಗೆ ಫೋನ್ ಹಚ್ಚಿದರೆ ಅವಳು ಕೇಳಿದ ಮೊದಲ ಪ್ರಶ್ನೆಯೇ, “ಮನೇಲಿ ಕರೆಂಟ್ ಇದೆ ತಾನೇ ಅಣ್ಣ?”

ಅಯ್ಯೋ ದೇವರೇ. ಇಳಿಸಿದ್ದು ನೆನಪಿಲ್ಲ, ಆದರೆ ಇಳಿಸಿರುವುದು ಗೊತ್ತು. ಈಗ ಆ ಮನೆಯಲ್ಲಿ ಫ್ರಿಜ್ಜೊಂದು ಗುಂಯ್ ಅನ್ನುತ್ತಿರುತ್ತದೆ, ಹಾಲು ತಣ್ಣಗಿರುತ್ತದೆ. ಭಾವನ ಮೂವತ್ತು ವರ್ಷದ ಬಾಯಿಯನ್ನು ತಾನೇ ಖಟ್ ಎಂದು ಮುಚ್ಚಿ ಬಂದಿದ್ದಾನೆ. ಎದುರುಮನೆಯವರಿಗೆ ಹೇಳೋಣವೆಂದರೆ ಬೋರ್ಡು ಒಳಗೆ, ಬೀಗದ ಕೈ ಇವನ ಜೇಬಿನಲ್ಲಿ.

“ಅಕ್ಕ, ಈಗ ಹೋಗಿ ಈಗ ಬಂದೆ. ಮೇನ್ ಇಳಿಸಿ ಬಂದ್ಬಿಟ್ಟಿದ್ದೀನಿ.”

ಅಕ್ಕನಿಗೆ ನಗು ಬಂತು, ನಗಲು ಉಸಿರು ಸಾಲಲಿಲ್ಲ. “ಇರ್ಲಿ ಬಿಡೋ. ಹೋಗ್ಬೇಡ. ಕೂತ್ಕೋ ಇಲ್ಲೇ.”

“ಎರಡು ಗಂಟೆಯೊಳಗೆ ಎಲ್ಲ ಸರಿಹೋಗುತ್ತೆ ಅಕ್ಕ.”

“ಬೇಡ ಅಂದ್ನಲ್ಲ...”

ಅವನು ಆಗಲೇ ಎದ್ದಿದ್ದ. ಕೆಟ್ಟದ್ದೊಂದು ಕಣ್ಣ ಮುಂದಿರುವಾಗ ಸುಮ್ಮನೆ ಕೂರುವುದು ಅವನ ಹಣೆಯಲ್ಲೇ ಬರೆದಿರಲಿಲ್ಲ. ಪೆಟ್ಟಿಗೆಗೆ ಜೀವ ಬಂದ ತಕ್ಷಣ ಅಕ್ಕ ಶುರು ಮಾಡಿಕೊಳ್ಳಲೆಂದು ಫೋನನ್ನು ನರ್ಸಿನ ಕೈಗೆ ಕೊಟ್ಟು, “ಸಿಸ್ಟರ್, ಪಟ್ಟಿ ಬಂದ ಕೂಡಲೇ ಅವರು ಹೇಳಿದ್ದನ್ನ ಒತ್ತಿ, ದಮ್ಮಯ್ಯ” ಎಂದು ಬೇಡಿಕೊಂಡು ಓಡಿದ.

ಬಸ್ಸು ಪ್ರತಿ ನಿಲ್ದಾಣದಲ್ಲೂ ಹಟ ಹಿಡಿದಂತೆ ನಿಂತಿತು. ಮನೆ ತಲುಪಿ, ಬೀಗ ತೆಗೆದು, ಮೇನ್ ಎತ್ತಿದ. ಪೆಟ್ಟಿಗೆ ಎಚ್ಚರಗೊಳ್ಳಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಹಸಿರು ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಒಳಗೆ ಡಿಸ್ಕು ಕರಕರ ಎಂದು ಓಡತೊಡಗಿತು. ಎದುರುಮನೆಯವರ ಫೋನಿನಿಂದ ತನ್ನದೇ ನಂಬರಿಗೆ ಕರೆ ಮಾಡಿದ.

“ಬಂತು, ಬಂತು! ಒಂದು ವಾರ್ತೆ ಹಾಕಿದ್ದೀನಿ, ಕೇಳ್ತಿದ್ದಾರೆ” ಎಂದಳು ನರ್ಸು. ಹಿಂದಿನಿಂದ ಭಾವನ ಗತ್ತಿನ ದನಿ ಸಣ್ಣಗೆ ಕೇಳುತ್ತಿತ್ತು. ಅವನು ಎದುರುಮನೆಯವರ ಎರಡೂ ಕೈ ಹಿಡಿದುಕೊಂಡು ಕುಲುಕಿದ. ವಾಪಸ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಅಕ್ಕನಿಗೆ ಅಷ್ಟು ಹೊತ್ತಿಗೆ ಆ ವಾರ್ತೆ ಸಿಕ್ಕಿರುತ್ತದೆ, ಸಿಕ್ಕಿಲ್ಲದಿದ್ದರೆ ಇಬ್ಬರೂ ಕೂತು ಹುಡುಕೋಣ ಎಂದುಕೊಂಡ. ಅಷ್ಟು ಹಗುರವಾಗಿ ಅವನು ಬಹಳ ದಿನದಿಂದ ಇರಲಿಲ್ಲ.

ವಾರ್ಡಿನಲ್ಲಿ ಅಕ್ಕನ ಮಂಚದ ಸುತ್ತ ಪರದೆ ಎಳೆದಿತ್ತು. ನರ್ಸು ಎದುರಿಗೆ ಬಂದಳು. ಅವಳ ಮುಖ ನೋಡಿದ ಮೇಲೆ ಕೇಳುವುದು ಏನೂ ಉಳಿದಿರಲಿಲ್ಲ.

“ಈಗ, ಕಾಲು ಗಂಟೆ ಆಯ್ತು” ಎಂದಳು. “ನೋವು ಪಡಲಿಲ್ಲ.”

“ವಾರ್ತೆ... ಅವರಿಗೆ ಬೇಕಾಗಿದ್ದು ಸಿಕ್ತಾ ಸಿಸ್ಟರ್?”

ನರ್ಸು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಒಂದು ಪೂರ್ತಿ ಕೇಳಿದ್ರು, ಎರಡನೇದು ಅರ್ಧ. ಆಮೇಲೆ ‘ಸಾಕು, ನಿಲ್ಸಮ್ಮ’ ಅಂದ್ರು. ‘ತಮ್ಮ ಬಂದ್ನಾ?’ ಅಂದ್ರು. ದಾರೀಲಿದ್ದಾರೆ ಅಂದೆ. ಇನ್ನೊಂದು ಹಾಕ್ಲಾ ಅಂತ ಕೇಳಿದ್ರೆ ‘ಅದು ಹೋಗ್ಲಿ, ಅವನು ಬಂದ್ನಾ ನೋಡು’ ಅಂದ್ರು. ಮೂರು ಸಲ ಬಾಗಿಲ ಹತ್ರ ಹೋಗಿ ನೋಡಿ ಬಂದೆ ಅಣ್ಣ.”

ಅವನು ಪರದೆ ಸರಿಸಿ ಒಳಗೆ ಹೋದ. ಅಕ್ಕನ ಮುಖ ಬಾಗಿಲ ಕಡೆಗಿತ್ತು. ಕಾಲು ದೆಸೆಯಲ್ಲಿ ನಿಂತು ಅತ್ತ. ಸದ್ದು ಮಾಡಿ, ಮಗುವಿನ ಹಾಗೆ, “ಅಕ್ಕ, ತಪ್ಪಾಯ್ತು ಅಕ್ಕ” ಎಂದು ಅತ್ತ. ಅವನು ಯಾರಿಗೂ ಆ ಮಾತು ಅಂದವನಲ್ಲ. ಅವಳಿಗದು ಕೇಳಿಸಲಿಲ್ಲ.

ಆಮೇಲೆ ನರ್ಸು ಕಾಗದ, ಪೆನ್ನು ಹಿಡಿದು ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಳು. ಹೆಸರು, ವಯಸ್ಸು, ಸಂಬಂಧ ಒಂದೊಂದಾಗಿ ಕೇಳಿ ಬರೆದುಕೊಂಡಳು. “ಕೊನೇಲಿ ಜೊತೆಗಿದ್ದವರು ಅಂತ ಒಂದು ಕಡೆ ತುಂಬಿಸ್ಬೇಕು. ತಮ್ಮ ಅಂತ ಬರೀಲಾ?” ಎಂದಳು.

ಅವನು ತಲೆಯಲ್ಲಾಡಿಸಿದ. “ಬೇಡ ಸಿಸ್ಟರ್, ಹಾಗೆ ಬರೀಬೇಡಿ. ನಾನಿರ್ಲಿಲ್ಲ” ಎಂದ.