ಅತ್ತೆ ನೂಲು ಕಟ್ಟುತ್ತಿದ್ದ ಕಲ್ಲು

ನನ್ನ ಸೋದರತ್ತೆಯ ಎಡಗೈ ತೋರುಬೆರಳಿನಲ್ಲಿ ನೂಲು ಕೊರೆದ ಆಳವಾದ ಗೀರಿತ್ತು. ಚಿಕ್ಕಂದಿನಿಂದ ರಾಟೆಯ ಮುಂದೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಆದದ್ದು. ಹುಣಸೆಹಣ್ಣು ಕಿವುಚುವಾಗ ಅದು ಉರಿದರೆ ಬೆರಳಿಗೇ ಬೈಯುತ್ತಿದ್ದಳು: "ಸುಮ್ನೆ ಇರು ಮೂದೇವಿ, ಊರಿಗೆಲ್ಲ ಸೀರೆ ಉಡಿಸಿದವಳು ನೀನು."

ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ನಾನು ಊಟಕ್ಕೆ ತಡಮಾಡಿದರೆ, "ಕಲೆಕ್ಟರು ಬಂದ್ರು, ಎಲೆ ಹಾಕಿ" ಎನ್ನುತ್ತಿದ್ದಳು.

ಆಕೆ ಬಿಡದೆ ನಡೆಸಿದ ಒಂದು ನೇಮವಿತ್ತು. ಮಗ್ಗಕ್ಕೆ ಉದ್ದನೆಯ ಎಳೆಗಳ ಹೊಸ ಹಾಸು ಏರಿಸಿದಾಗಲೆಲ್ಲ ಅದರ ಒಂದೆಳೆ ನೂಲು ತೆಗೆದುಕೊಂಡು, ಪೊಳ್ಳಾಚಿಯ ಆಚೆ ಹಾಳುಬಿದ್ದ ಹಳೆಯ ಗಡಿಕೋಟೆಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಅಲ್ಲಿ ಬಾಗಿಲ ಪಕ್ಕ ಕತ್ತಿ ಹಿಡಿದ ಆಳನ್ನು ಕೆತ್ತಿದ ಕಲ್ಲೊಂದು ನಿಂತಿತ್ತು. ಮೈಸೂರಿನ ದಂಡಿಗೆ ಡೇರೆಯ ಬಟ್ಟೆ ನೇಯಲು ಈ ತಮಿಳು ಸೀಮೆಗೆ ಬಂದ ನಮ್ಮ ಹಿರಿಯನೊಬ್ಬ, ಕೋಟೆಗೆ ಮುತ್ತಿಗೆ ಬಿದ್ದಾಗ ಮಗ್ಗ ಬಿಟ್ಟು ಕತ್ತಿ ಹಿಡಿದು ಅಲ್ಲೇ ಮಡಿದನೆಂದು ಆಕೆಯ ನಂಬಿಕೆ. ಚಪ್ಪಲಿಯನ್ನು ದೂರದಲ್ಲೇ ಬಿಟ್ಟು, ಮುಳ್ಳಿನಲ್ಲಿ ಬರಿಗಾಲಲ್ಲಿ ನಡೆದು, ಕಲ್ಲಿಗೆ ನೂಲು ಸುತ್ತುತ್ತಿದ್ದಳು. "ತಾತಾ, ಹೊಸ ಹಾಸು ಏರಿದೆ. ನೋಡ್ಕೊ."

ಕೈಮಗ್ಗ ತೆಗೆದು ನಾನು ಮನೆಗೂ ಹಿತ್ತಲಿಗೂ ನಡುವಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಹಾಕಿದಾಗ, ಅವು ಅದುರದಂತೆ ಅಡಿಪಾಯಕ್ಕೆ ಭಾರದ ಕಲ್ಲು ಬೇಕಾಯಿತು. "ಕೋಟೆಯಲ್ಲಿ ಬೇಕಾದಷ್ಟು ಬಿದ್ದಿದೆ, ದೊಡ್ಡದು ನೋಡಿ ತಗೊಂಡು ಬಾ" ಎಂದು ಟ್ರ್ಯಾಕ್ಟರಿನವನಿಗೆ ಹೇಳಿದವನು ನಾನೇ. ಅವನು ತಂದ, ಮೇಸ್ತ್ರಿ ಹೂಳಿದ, ಮೇಲೆ ಕಾಂಕ್ರೀಟು ಬಿತ್ತು. ನಾನು ನೋಡಲೂ ಇಲ್ಲ.

ಹೊಸ ಮಗ್ಗಗಳಿಗೆ ಹಾಸು ಏರಿದಾಗ, ಮೊಣಕಾಲು ನೋವೆಂದು ಅತ್ತೆ ನನ್ನನ್ನೂ ಕೋಟೆಗೆ ಕರೆದುಕೊಂಡು ಹೋದಳು. ಕಲ್ಲಿರಲಿಲ್ಲ. ಒಂದು ಗುಳಿ, ಸುತ್ತ ಟ್ರ್ಯಾಕ್ಟರ್ ಚಕ್ರದ ಅಚ್ಚು, ಕತ್ತರಿಸಿ ಎಸೆದ ಹಳೆಯ ನೂಲಿನ ಮುದ್ದೆ. ಅತ್ತೆ ಗುಳಿಯ ಪಕ್ಕ ಕುಸಿದು ಕೂತಳು.

"ಕಳ್ಳರು ಒಯ್ದಿರಬೇಕು ಅತ್ತೆ," ಎಂದೆ.

"ಕಳ್ಳನಿಗೆ ತಾತ ಯಾತಕ್ಕೆ ಸಾಮಿ? ಚಿನ್ನವಾ, ವೆಳ್ಳಿಯಾ?" ಎಂದಳು. ತಂದ ನೂಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಟ್ರ್ಯಾಕ್ಟರಿನವನನ್ನು ವಿಚಾರಿಸಿದೆ. ಅವನು ನಗುತ್ತ ತಮಿಳಿನಲ್ಲಿ ಹೇಳಿದ: "ಕತ್ತಿಯವನಾ? ನಿಮ್ಮ ಎರಡನೇ ಮಗ್ಗದಡಿ ಮಲಗಿದ್ದಾನೆ ಧಣಿ."

ಅಂದೇ ಒಡೆದು ತೆಗೆಯಬಹುದಿತ್ತು. ಮಗ್ಗ ನಿಲ್ಲುತ್ತದಲ್ಲ ಎಂದು ಮುಂದೂಡಿದೆ. ಆಮೇಲೆ ಹೇಳುವ ಧೈರ್ಯವೂ ಹೋಯಿತು. ಅತ್ತೆ ವರ್ಷಗಟ್ಟಲೆ ಆ ಎರಡನೇ ಮಗ್ಗದ ಪಕ್ಕದಲ್ಲೇ, ನೋಯುವ ಕಾಲು ಚಾಚಿ ಕೂತು ಬುಟ್ಟಿಗೆ ಕಂಡಿಕೆ ತುಂಬಿದಳು. ಕಣ್ಣು ಮಂಜಾದ ಮೇಲೂ ಬಿಡಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ, ತಡೆಯಲಾರದೆ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ತನ್ನ ಪಾದಗಳನ್ನೇ ನೋಡುತ್ತ ಕೂತಳು.

"ತಾತನ ಮೇಲಾ ನಾನು ಕಾಲು ಚಾಚಿದ್ದು?"

ನಾನು ತಲೆ ತಗ್ಗಿಸಿದೆ. ಆಕೆ ಕಾಲು ಮಡಚಿಕೊಂಡು ಮೆಲ್ಲಗೆ ಕೇಳಿದಳು: "ನೀನು ನೋಡ್ತಾನೇ ಇದ್ಯಾ ಸಾಮಿ?"

ಅಂದಿನಿಂದ ಆಕೆ ಶೆಡ್ಡಿನೊಳಗೆ ಕಾಲಿಡಲಿಲ್ಲ. ಹಿತ್ತಲಿಗೆ ಹೋಗಲು ಹೊರಗೆ ಬಿಸಿಲಲ್ಲಿ ಸುತ್ತಿ ನಡೆದಳು. ದೀಪಾವಳಿಯ ಆರ್ಡರು ಮುಗಿಯಲಿ, ತೆಗೆಸುತ್ತೇನೆ ಎಂದಿದ್ದೆ. ಅಷ್ಟರೊಳಗೆ ತೀರಿಕೊಂಡಳು.

ತಿಥಿ ಮುಗಿದ ಮೇಲೆ ನೆಲ ಒಡೆಸಿದೆ. ಕಲ್ಲು ಅಂಗಾತ ಮಲಗಿತ್ತು. ಮಗ್ಗವನ್ನು ಬಿಗಿದಿದ್ದ ಬೋಲ್ಟು ಕೆತ್ತಿದ ಆಳಿನ ಎದೆಯ ನಡುವೆ ಇಳಿದಿತ್ತು. ಒಡೆಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದ.

ಈಗ ಅದನ್ನು ಕೋಟೆಗೆ ಒಯ್ದು ಹಳೆಯ ಗುಳಿಯಲ್ಲೇ ನಿಲ್ಲಿಸಿದ್ದೇನೆ. ಅತ್ತೆಯ ಹಾಗೆ ನೂಲು ಸುತ್ತಿದೆ. ಎಷ್ಟು ಸುತ್ತಿದರೂ ಎದೆಯ ತೂತು ಕಾಣುತ್ತಲೇ ಇತ್ತು.