ತಿರುವು ಚೆಂಡು ಮತ್ತು ಮೇಷ್ಟ್ರ ವಾರೆ ಬೆರಳು

ನಮ್ಮ ಡ್ರಿಲ್ ಮೇಷ್ಟ್ರ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿನಲ್ಲಿ ಎಡಕ್ಕೆ ವಾರೆಯಾಗಿತ್ತು. "ಅಲ್ಲಿ ನೋಡ್ರಿ" ಎಂದು ಅವರು ಕೈ ಚಾಚಿದರೆ ಹೊಸಬರು ಇನ್ನೆಲ್ಲೋ ನೋಡುತ್ತಿದ್ದರು. ಧ್ವಜದ ಕಂಬ ತೋರಿಸಿದರೆ ಎಂಟನೇ ತರಗತಿಯ ಮಕ್ಕಳ ಕಣ್ಣೆಲ್ಲ ನೀರಿನ ಟ್ಯಾಂಕಿನ ಮೇಲೆ. ಹಳಬರು ಮಾತ್ರ ಬೆರಳಿನ ಗೊಡವೆಗೆ ಹೋಗದೆ ಮೇಷ್ಟ್ರ ಕಣ್ಣು ಎತ್ತ ಹೋಗಿದೆ ಎಂದು ನೋಡಿ ದಿಕ್ಕು ಹಿಡಿಯುತ್ತಿದ್ದರು.

ಆ ಬೆರಳು ಹುಟ್ಟಿನಿಂದ ಹಾಗಿರಲಿಲ್ಲ. ನಾನು ಎಸೆದ ಒಂದು ಚೆಂಡು ಅದನ್ನು ಹಾಗೆ ಮಾಡಿತು. ಆ ಕಥೆ ಹೇಳದೆ ನಮ್ಮ ಮೇಷ್ಟ್ರ ಬಗ್ಗೆ ಹೇಳಿದರೆ ಉಪ್ಪಿಲ್ಲದ ಸಾರಿನಂತಾದೀತು.

ನ್ಯಾಮತಿ ಬಳಿಯ ನಮ್ಮೂರ ಸರ್ಕಾರಿ ಪ್ರೌಢಶಾಲೆಗೆ ಅವರು ಹೊನ್ನಾಳಿಯಿಂದ ಹಳೆಯ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಕೊರಳಲ್ಲಿ ಸೀಟಿ, ಜೇಬಿನಲ್ಲಿ ಹುರಿಗಡಲೆ. ಹುಡುಗಿಯರಿಗೆ ಬೇಸ್‌ಬಾಲ್ ಕಲಿಸುತ್ತೇನೆಂದು ಅವರು ಹೊರಟಾಗ ಊರಿನವರು ನಕ್ಕರಂತೆ. ಮೇಷ್ಟ್ರ ಲೆಕ್ಕಾಚಾರ ಸರಳವಾಗಿತ್ತು. "ಕಬಡ್ಡಿಗೆ ಊರಿಗೊಂದು ತಂಡ ಐತೆ. ಈ ಆಟಕ್ಕೆ ತಾಲ್ಲೂಕಿಗೇ ಯಾರೂ ಇಲ್ಲ. ನಾವೇ ಪ್ರಥಮ, ನಾವೇ ದ್ವಿತೀಯ" ಎನ್ನುತ್ತಿದ್ದರು. ಹಾಗೆ ಯಾರೊಂದಿಗೂ ಆಡದೆ ನಾವು ತಾಲ್ಲೂಕಿನಲ್ಲಿ ಗೆದ್ದು ಮುಂದಕ್ಕೆ ಹೋಗುತ್ತಿದ್ದೆವು. ಮುಂದೆ ಹೋದ ಮೇಲೆ ನಿಜವಾಗಿ ಆಡಬೇಕಾಗುತ್ತಿತ್ತು, ಆ ಮಾತು ಬೇರೆ.

ಈ ಆಟ ನೋಡದವರಿಗೆ ಎರಡು ಮಾತು. ಕ್ರಿಕೆಟ್ಟಿನಲ್ಲಿ ಬೌಲರ್ ಓಡಿ ಬಂದು ಚೆಂಡನ್ನು ನೆಲಕ್ಕೆ ಪುಟಿಸುತ್ತಾನೆ. ಇಲ್ಲಿ ಪಿಚರ್ ನಿಂತಲ್ಲೇ ನಿಂತು, ಒಂದು ಕಾಲೆತ್ತಿ, ಚೆಂಡು ನೆಲ ಮುಟ್ಟದ ಹಾಗೆ ಬ್ಯಾಟಿನವಳ ಮೊಣಕಾಲಿಗೂ ಎದೆಗೂ ನಡುವೆ ಎಸೆಯಬೇಕು. ಅವಳ ಹಿಂದೆ ಕ್ಯಾಚರ್ ಕುಕ್ಕರುಗಾಲಿನಲ್ಲಿ ಕೂತು ಹಿಡಿಯಬೇಕು. ನಮ್ಮ ತಂಡದ ಪಿಚರ್ ನಾನು. ಅಭ್ಯಾಸದ ಹೊತ್ತಿನಲ್ಲಿ ನನಗೆ ಕ್ಯಾಚರ್ ನಮ್ಮ ಮೇಷ್ಟ್ರು, ಏಕೆಂದರೆ ಪಂದ್ಯದ ದಿನ ಬಿಟ್ಟರೆ ನನ್ನ ಚೆಂಡು ಹಿಡಿಯಲು ಬೇರೆ ಯಾವ ಹುಡುಗಿಯೂ ಒಪ್ಪುತ್ತಿರಲಿಲ್ಲ.

ಬಿಸಿಯೂಟದ ಅಡಿಗೆಮನೆಯ ಗೋಡೆಗೆ ಇದ್ದಿಲಿನಿಂದ ಒಂದು ಚೌಕ ಬರೆದು, ಅದರ ಮುಂದೆ ಕೂರುತ್ತಿದ್ದರು. ಎಡಗೈಗೆ ಒಳಗಡೆ ಗೋಣಿ ತಾಟು ತುಂಬಿದ ಗವಸು, ಬಲಗೈ ಬರಿಗೈ. ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಿದ್ದರು. ಚೆಂಡು ಗವಸಿಗೆ ಬಿದ್ದ ಸದ್ದು ಕೇಳಿ, "ಇದು ಚಿಲಕ ಹಾಕಿದಂಗಾತು. ನಂಗೆ ಬಾಗ್ಲು ಮುಚ್ಚಿದ ಸದ್ದು ಬೇಕು" ಎನ್ನುತ್ತಿದ್ದರು. ಅವರು ಹಿಡಿಯದೆ ಬಿಟ್ಟ ಚೆಂಡು ಗೋಡೆಗೆ ಬಡಿದರೆ ಒಳಗಿನಿಂದ ಅಡಿಗೆ ಅಕ್ಕನ ಕೂಗು.

"ಏ ಮೇಷ್ಟ್ರೇ, ಮ್ಯಾಗಳ ಸುಣ್ಣ ಎಲ್ಲಾ ಸಾರಿಗೆ ಬೀಳಾಕ್ ಹತ್ತೈತ್ರೀ!"

"ಬೀಳ್ಲಿ ಬಿಡವ್ವಾ, ಮಕ್ಕಳ ಮೂಳೆ ಗಟ್ಟಿ ಆಗ್ತಾವು."

"ನಿಮ್ ತಾಟಿಗೇ ಜಾಸ್ತಿ ಹಾಕ್ತೀನಿ ತಡೀರಿ!"

ನನ್ನಲ್ಲಿದ್ದದ್ದು ಒಂದೇ ಚೆಂಡು. ನೇರ, ಜೋರು. ಒಂಬತ್ತನೇ ತರಗತಿಯಲ್ಲಿ ವಿಭಾಗ ಮಟ್ಟಕ್ಕೆ ಹೋದಾಗ ಎದುರಿನವರು ಮೊದಮೊದಲು ತಬ್ಬಿಬ್ಬಾದರು. ಆಮೇಲೆ ನನ್ನ ಕೈಯ ವೇಗಕ್ಕೆ ಹೊಂದಿಕೊಂಡು ಚಚ್ಚತೊಡಗಿದರು. ಸೋತು ಬಂದೆವು. ರಾಜ್ಯ ತಂಡಕ್ಕೆ ಆಯ್ಕೆಯಾಗಲು ನನಗೆ ಇನ್ನೊಂದೇ ಅವಕಾಶವಿತ್ತು, ಹತ್ತನೇ ತರಗತಿಯ ವರ್ಷ. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಆಟ ಸಾಕು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಹತ್ತನೇ ತರಗತಿಯ ದಸರಾ ರಜೆಗೆ ಜಗಳೂರಿನ ಸೋದರಮಾವನ ಮನೆಗೆ ಹೋದೆ. ಮಾವನದು ಮೊಬೈಲ್ ರಿಪೇರಿ ಅಂಗಡಿ. ಅಂಗೈಯಗಲದ ಪರದೆಯಲ್ಲಿ ಅವನು ನನಗೆ ತಿರುವು ಚೆಂಡು ತೋರಿಸಿದ. ಬಿಡುವಾಗ ಮಣಿಕಟ್ಟು ತಿರುಚಿದರೆ ಚೆಂಡು ನೆಟ್ಟಗೆ ಬಂದಂತೆ ಮಾಡಿ, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಜಾರಿ ಕೆಳಗಿಳಿಯುತ್ತದೆ. ನಾನು ಮರುಳಾದೆ. ರಜೆ ಪೂರ್ತಿ ಮಾವನ ಹಿತ್ತಲಿನಲ್ಲಿ ಅದೇ ಕೆಲಸ. ಅತ್ತೆ ಊಟಕ್ಕೆ ಕರೆದು ಕರೆದು ಸುಸ್ತಾಗುತ್ತಿದ್ದಳು. ರಜೆ ಮುಗಿಯುವ ಹೊತ್ತಿಗೆ ಚೆಂಡು ಹೇಳಿದ ಮಾತು ಕೇಳತೊಡಗಿತ್ತು.

ನನ್ನನ್ನು ಬಿಡಲು ಬಂದ ಮಾವ ನೇರವಾಗಿ ಶಾಲೆಗೇ ಬಂದ.

"ಮೇಷ್ಟ್ರೇ, ಒಂದೇ ಚೆಂಡು ಇಟ್ಕೊಂಡು ಎಷ್ಟು ದಿನ ನಡೆಸ್ತೀರಿ? ದಿನಾ ಅದೇ ಸಾರು ಮಾಡಿದ್ರೆ ಮನೇಲಿ ಉಣ್ತಾರೇನ್ರೀ?"

"ಸಾರು ಬದ್ಲಾಯಿಸೋಣ್ರೀ, ಬ್ಯಾಡ ಅಂದೋರ್ಯಾರು? ಒಲೆ ಮಾತ್ರ ಮುರಿಯೋದು ಬ್ಯಾಡ." ಮೇಷ್ಟ್ರು ನನ್ನ ಮೊಣಕೈಯತ್ತ ನೋಡಿದರು. "ಇನ್ನೂ ಬೆಳೆಯೋ ಮೂಳೆ ಇದು. ಮಣಿಕಟ್ಟು ತಿರುಚಿದ್ರೆ ನೋವಾಗೋದು ಇಲ್ಲಿ."

"ನೋಡದೇನೇ ಬ್ಯಾಡ ಅಂದ್ರೆ ಹೆಂಗ್ರೀ?" ಎಂದ ಮಾವ.

"ಅದೂ ಸರಿ. ನೋಡದೆ ಬ್ಯಾಡ ಅನ್ನಬಾರ್ದು" ಎಂದು ಮೇಷ್ಟ್ರು ಗವಸು ತೊಟ್ಟು ಗೋಡೆಯ ಮುಂದೆ ಕೂತರು. "ಹಾಕವ್ವಾ."

ಹಾಕಿದೆ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಚೆಂಡು ಆಮೇಲೆಂದೂ ಬರಲಿಲ್ಲ. ಮೇಷ್ಟ್ರ ಗವಸು ಚೆಂಡಿನ ದಾರಿಯಲ್ಲಿ ಕಾಯುತ್ತಿತ್ತು, ಚೆಂಡು ದಾರಿಯನ್ನೇ ಬದಲಿಸಿ ಅವರ ಬರಿಗೈಗೆ ಬಡಿಯಿತು. ಲಟಕ್ ಎಂದ ಸದ್ದು ನನಗೂ ಕೇಳಿಸಿತು. ಅಡಿಗೆ ಅಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದಳು. ಮೇಷ್ಟ್ರು ಬೆರಳನ್ನು ಕಂಕುಳಲ್ಲಿ ಒತ್ತಿಕೊಂಡು, ಹಲ್ಲು ಕಚ್ಚಿ ಮೇಲೆದ್ದು ನನ್ನತ್ತ ನೋಡಿದರು.

"ಭಾರಿ ಚಲೋ ಚೆಂಡು" ಎಂದರು. ಉಸಿರು ತೆಗೆದುಕೊಂಡು, "ಆದ್ರೂ ಬ್ಯಾಡ" ಎಂದರು.

ಬೆರಳು ಮುರಿದ ಸಿಟ್ಟಿಗೆ ಬೇಡವೆಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಚೆಂಡನ್ನು ಹೊಗಳಿ ಬೇಡವೆಂದದ್ದು ನುಂಗಲಾಗಲಿಲ್ಲ. "ಚಲೋ ಐತೆ ಅಂದ್ಮೇಲೆ ಯಾಕ್ ಬ್ಯಾಡ ಸಾರ್?" ಎಂದು ಅಳುತ್ತಲೇ ಜಗಳಕ್ಕೆ ನಿಂತೆ. ಅವರು ಬೆರಳಿಗೆ ಬಟ್ಟೆ ಸುತ್ತಿಸಿಕೊಳ್ಳಲು ಹೋದರು.

ಉತ್ತರ ಸಿಕ್ಕಿದ್ದು ಊಟದ ಹೊತ್ತಿಗೆ, ಅದೂ ಅಡಿಗೆ ಅಕ್ಕನ ಬಾಯಿಂದ. ಸಾಲಿನಲ್ಲಿ ಅನ್ನ ಬಡಿಸುತ್ತ ಬಂದವಳು ನನ್ನ ಮುಂದೆ ನಿಂತಳು.

"ಯಾಕವ್ವಾ, ಎಮ್ಮೆ ಮುಸುರೆ ಬಾನಿಗೆ ಬಾಯಿ ಹಾಕ್ದಂಗೆ ಬಗ್ಗಿ ಉಣ್ಣಾಕ್ ಹತ್ತೀಯಲ್ಲ?"

ಹುಡುಗಿಯರೆಲ್ಲ ನಕ್ಕರು. ಕಟ್ಟೆಯ ಮೇಲೆ ಕೂತಿದ್ದ ಮೇಷ್ಟ್ರು ನಗಲಿಲ್ಲ. ಎದ್ದು ಬಂದು ನನ್ನೆದುರು ಕುಕ್ಕರಿಸಿದರು. "ನೆಟ್ಟಗೆ ಕೂತ್ಕೊಂಡು ಒಂದು ತುತ್ತು ಉಣ್ಣವ್ವಾ" ಎಂದರು. ನೆಟ್ಟಗೆ ಕೂತೆ. ತುತ್ತು ಅರ್ಧದವರೆಗೆ ಬಂದು ನಿಂತಿತು. ಮೊಣಕೈ ಅದರಾಚೆಗೆ ಮಡಚಲು ಒಪ್ಪಲಿಲ್ಲ. ಎಷ್ಟು ದಿನದಿಂದ ನನ್ನ ಬಾಯಿಯೇ ಕೈಯ ಹತ್ತಿರ ಹೋಗುತ್ತಿತ್ತೋ, ನನಗೇ ತಿಳಿದಿರಲಿಲ್ಲ.

ಮಾವ ಅದನ್ನು ನೋಡಿದ. ಆಮೇಲೆ ಅವನು ಒಂದೇ ಮಾತು ಕೇಳಿದ, "ಹಂಗಾದ್ರೆ ಏನ್ ಮಾಡೋದ್ರೀ ಮೇಷ್ಟ್ರೇ?" ಈ ಸಲ ಅವನ ದನಿಯಲ್ಲಿ ವಾದವಿರಲಿಲ್ಲ.

"ಮೊದ್ಲು ಕೈಗೆ ರಜಾ. ಆಮೇಲೆ ಎರಡನೇ ಚೆಂಡು ನಾನೇ ಕಲಿಸ್ತೀನಿ. ಇವಳಿಗೆ ಇನ್ನೊಂದು ಬೇಕು, ಅದು ನಿಜಾನೇ."

ಎರಡು ವಾರದಲ್ಲಿ ಮೊಣಕೈ ಸರಿಯಾದ ಮೇಲೆ ಅವರು ಕಲಿಸಿದ್ದು ಮೆಲ್ಲನೆಯ ಚೆಂಡು. ನನ್ನ ಜೋರಿನ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದೆ. ಇದನ್ನು ಅಂಗೈ ತುಂಬ ಹಿಡಿಯಬೇಕು. "ರಾಗಿಮುದ್ದೆ ಹಿಡಿದಂಗೆ ಹಿಡಿ. ಬಿಸಿ ಮುದ್ದೆ ಅಲ್ಲ, ಆರಿದ್ದು" ಎಂದರು. ಹಾಗೆ ಹಿಡಿದರೆ ಕೈ ಎಷ್ಟೇ ಬೀಸಿದರೂ ಚೆಂಡು ತಡವಾಗಿ ಬರುತ್ತದೆ, ಬ್ಯಾಟಿನವಳು ಮೊದಲೇ ಬೀಸಿ ಬೇಸ್ತು ಬೀಳುತ್ತಾಳೆ. ತಿರುಚುವ ಗೋಜಿಲ್ಲ. ಕಷ್ಟ ಬೇರೆ ಕಡೆ ಇತ್ತು. ಚೆಂಡು ಮೆಲ್ಲಗೆ ಹೋಗಬೇಕೆಂದರೆ ಕೈಯೂ ತಾನಾಗಿ ಮೆಲ್ಲಗಾಗುತ್ತದೆ. ಕೈ ಮೆಲ್ಲಗಾದರೆ ಗುಟ್ಟು ರಟ್ಟು. ಮೇಷ್ಟ್ರು ಗೋಡೆಯ ಬಳಿಯಿಂದ ಕೂಗುತ್ತಿದ್ದರು, "ಕೈ ಜೋರಾಗೇ ಬರ್ಲಿ! ತಡ ಆಗೋದೇನಿದ್ರೂ ಚೆಂಡು!"

ಆ ದಿನಗಳಲ್ಲಿ ಅವರು ಬೆರಳಿಗೆ ಸರಿಯಾದ ಪಟ್ಟಿ ಹಾಕಿಸಿಕೊಳ್ಳಬೇಕಿತ್ತು. ಪಟ್ಟಿ ಹಾಕಿದರೆ ಹಿಡಿದ ಚೆಂಡನ್ನು ಆ ಕೈಯಿಂದ ನನಗೆ ತಿರುಗಿ ಎಸೆಯಲಾಗದು, ಬೇರೆ ಹಿಡಿಯುವವರೂ ಇಲ್ಲ. ತೋರುಬೆರಳನ್ನು ನಡುಬೆರಳಿಗೆ ಬಟ್ಟೆಯಲ್ಲಿ ಕಟ್ಟಿ, ಚೆಂಡು ಬರುವಾಗ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹಿಡಿದರು. ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತು.

ವಿಭಾಗ ಮಟ್ಟದ ಪಂದ್ಯದ ದಿನ ನನ್ನ ಎರಡನೇ ಚೆಂಡು ಹೊಸ ಸೊಸೆಯಂತೆ ಎಲ್ಲರ ಕಣ್ಣು ಸೆಳೆಯಿತು. ಹಿಂದಿನ ವರ್ಷ ನನ್ನನ್ನು ಚಚ್ಚಿದವರೇ ಗಾಳಿಗೆ ಬ್ಯಾಟು ಬೀಸಿ ತಿರುಗಿ ಬೀಳುತ್ತಿದ್ದರು. ಪ್ರೇಕ್ಷಕರು ನಕ್ಕರೆ ನನಗೆ ಇನ್ನಷ್ಟು ಹುಮ್ಮಸ್ಸು. ಒಂದಾದ ಮೇಲೊಂದು ಅದನ್ನೇ ಹಾಕಿದೆ. ಕೊನೆಯ ಆಟಗಾರ್ತಿ, ಒಬ್ಬ ಎತ್ತರದ ಹುಡುಗಿ, ಇಷ್ಟು ಹೊತ್ತೂ ಗೆರೆಯಾಚೆ ನಿಂತು ನನ್ನನ್ನು ಓದಿಕೊಂಡಿದ್ದಳು. ಮೇಷ್ಟ್ರು ಹೊರಗಿನಿಂದ ವಾರೆ ಬೆರಳನ್ನೆತ್ತಿ ಒಂದು ಎಂದು ತೋರಿಸಿದರು. ಮೊದಲನೇ ಚೆಂಡು ಹಾಕು ಎಂದರ್ಥ. ನೋಡಿದೆ. ಆದರೂ ನನಗೆ ಹೊಸದರ ಮೇಲೆಯೇ ಆಸೆ. ಮೆಲ್ಲನೆಯದನ್ನೇ ಹಾಕಿದೆ. ಅವಳು ಕಾದಳು, ಹೊಡೆದಳು. ಚೆಂಡು ಮೈದಾನದಂಚಿನ ಹುಣಸೆಮರದ ಆಚೆ ಬಿತ್ತು, ಪಂದ್ಯ ಅವರದಾಯಿತು.

ರಾಜ್ಯ ತಂಡಕ್ಕೆ ಆ ದಿನ ಎದುರು ತಂಡದ ಪಿಚರ್ ಆಯ್ಕೆಯಾದಳು. ಅವಳು ಹಾಕುತ್ತಿದ್ದದ್ದು ತಿರುವು ಚೆಂಡು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಅಳುತ್ತಿದ್ದೆ. ಮೇಷ್ಟ್ರು ಪಕ್ಕದಲ್ಲಿ ಕೂತು ಹುರಿಗಡಲೆ ಮುಂದೆ ಹಿಡಿದರು. "ಎರಡನೇದು ಕಲಿಸಿದ್ದು ಮೊದಲನೇದಕ್ಕೆ ಜೊತೆಯಾಗ್ಲಿ ಅಂತ ಕಣವ್ವಾ. ನೀನು ಮೊದಲನೇದನ್ನ ಮನೇಲಿ ಬಿಟ್ಟು ಬಂದಿದ್ದೆ" ಎಂದರು. ಬೈಗುಳವಿರಲಿಲ್ಲ, ಸಮಾಧಾನವೂ ಇರಲಿಲ್ಲ. ಕಡಲೆ ತಿಂದೆ. ಆಟ ಅಲ್ಲಿಗೆ ಮುಗಿಯಿತು.

ಈಗ ನಾನು ಬಸ್ ಕಂಡಕ್ಟರ್. ಚನ್ನಗಿರಿಯಿಂದ ತ್ಯಾವಣಿಗೆ ದಾರಿಯಲ್ಲಿ ಓಡಾಡುತ್ತೇನೆ. ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದು, ಎಡಗೈಯಲ್ಲಿ ಟಿಕೆಟ್ ಯಂತ್ರ ಹಿಡಿದು ನಿಲ್ಲುವ ಕೆಲಸ. ಮೇಷ್ಟ್ರು ನಿವೃತ್ತರಾದ ಮೇಲೆ ಕತ್ತಲಗೆರೆಯ ಮಗಳ ಮನೆಗೆ ಹೋಗುವಾಗ ನನ್ನ ಬಸ್ಸೇ ಬರಲೆಂದು ನಿಲ್ದಾಣದಲ್ಲಿ ಕಾಯುತ್ತಿದ್ದರಂತೆ. ಹತ್ತಿದವರು ಹೇಗಿದ್ದೀಯ ಎಂದು ಎಂದೂ ಕೇಳಲಿಲ್ಲ.

"ಕೈ ಹೆಂಗೈತವ್ವಾ?"

"ಚೆನ್ನಾಗೈತೆ ಸಾರ್."

ಅಷ್ಟು ಕೇಳಿ ಕೂರುತ್ತಿದ್ದರು. ಒಮ್ಮೆ ಬಸ್ಸು ಹೆಚ್ಚುಕಮ್ಮಿ ಖಾಲಿಯಿದ್ದಾಗ, ಅಷ್ಟು ವರ್ಷ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. "ಸಾರ್, ಅವತ್ತು ತಿರುವು ಚೆಂಡು ಹಾಕಾಕೆ ಬಿಟ್ಟಿದ್ರೆ ನಾನು ಆಯ್ಕೆ ಆಗ್ತಿದ್ನೇನೋ. ಆಯ್ಕೆ ಆದ ಆ ಹುಡುಗಿ ಕೈಗೆ ಏನೂ ಆಗ್ಲಿಲ್ವಂತೆ. ಚೆನ್ನಾಗೇ ಆಡಿದ್ಲಂತೆ."

ಮೇಷ್ಟ್ರು ಕಿಟಕಿಯಿಂದ ನನ್ನತ್ತ ತಿರುಗಿದರು. "ಆಗ್ತಿದ್ದೆ ಅಂತ್ಲೇ ನಂಗೂ ಅನಿಸ್ತೈತೆ" ಎಂದರು. ನಾನು ಆ ಉತ್ತರಕ್ಕೆ ಸಿದ್ಧಳಿರಲಿಲ್ಲ. "ನಾನು ಮಾಡಿದ್ದು ಸರೀನೋ ತಪ್ಪೋ ಇವತ್ತಿಗೂ ಗೊತ್ತಿಲ್ಲವ್ವಾ. ಕೈ ನಂದಾಗಿದ್ರೆ ಹಾಕೇಬಿಡ್ತಿದ್ದೆ. ಏನಾದ್ರೂ ಆಗ್ಲಿ ಅಂತ. ಆದ್ರೆ ಅದು ನಿಂದಲ್ವಾ?"

ಅವರ ನಿಲ್ದಾಣ ಬಂತು. ಇಳಿದು, ತಾವು ಹೋಗುವ ಓಣಿಯನ್ನು ನನಗೆ ಬೆರಳಿನಿಂದ ತೋರಿಸಿದರು. ಬಾಗಿಲ ಬಳಿ ಕೂತಿದ್ದ ಅಜ್ಜಿ ಆ ಬೆರಳಿನ ದಿಕ್ಕು ಹಿಡಿದು ಎದುರಿನ ಗಿರಣಿಯತ್ತ ನೋಡಿದಳು.

ಕಳೆದ ವರ್ಷ ಅವರು ತೀರಿಹೋದರು. ಸುದ್ದಿ ತಿಳಿದು ಹೊನ್ನಾಳಿಗೆ ಹೋದಾಗ ಮನೆಯ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಮಡಿಲಲ್ಲಿ ಎರಡು ಕೈ. ದೂರದ ನೆಂಟರೊಬ್ಬರು ಆ ಬೆರಳು ಮಾತ್ರ ಆಚೆ ಚಾಚಿಕೊಂಡಿದೆಯಲ್ಲ ಎಂದು ಅದನ್ನು ನೇರ ಮಾಡಲು ನೋಡುತ್ತಿದ್ದರು. ಅಲ್ಲಿ ಅಡಿಗೆ ಅಕ್ಕನೂ ಇದ್ದಳು, ತಲೆ ಪೂರಾ ಬೆಳ್ಳಗಾಗಿತ್ತು. ನನಗಿಂತ ಮೊದಲು ಅವಳೇ ಬಾಯಿಬಿಟ್ಟಳು.

"ಬಿಡ್ರೀ ಅದನ್ನ. ಅದು ಇರೋದೇ ಹಂಗೆ."

ಮಾರನೆಯ ದಿನ ಡ್ಯೂಟಿಗೆ ಬಂದೆ. ಸೂಳೆಕೆರೆ ಕಡೆಯಿಂದ ಬಂದವರು ಮೀನಿನ ಬುಟ್ಟಿ ಹತ್ತಿಸಿದರು, ಬಸ್ಸು ತುಂಬಿತು. ಕತ್ತಲಗೆರೆಯ ತಿರುವಿನಲ್ಲಿ ಬಸ್ಸು ಒಮ್ಮೆಲೇ ವಾಲಿತು. ಬಲಗೈ ತಾನಾಗಿ ಮೇಲೆದ್ದು ಕಂಬಿಯನ್ನು ಗಟ್ಟಿಯಾಗಿ ಹಿಡಿಯಿತು. ಮೊಣಕೈ ನೆಟ್ಟಗಿತ್ತು. ಚೂರೂ ನೋವಿರಲಿಲ್ಲ.