ಅಮ್ಮನ ಕಾಲು
ಕಳೆದ ಮಾರ್ಚ್ ಹನ್ನೆರಡರಂದು ವೈದ್ಯರೊಬ್ಬರು, ಕುಳಿತ ಕುರ್ಚಿಯಿಂದ ಏಳದೆಯೇ, ಗ್ರಂಥಾಲಯದಲ್ಲಿ ಕೆಲಸ ಮಾಡುವ ನನ್ನ ತಂಗಿಗೆ "ಬಾಯಿಗೆ ಬೀಗ ಹಾಕ್ಕೊಳ್ಳಿ, ಕಾಲು ತಾನಾಗಿ ಸಣ್ಣ ಆಗುತ್ತೆ" ಎಂದರು. ಆಕೆಯ ಊಟ ಗುಬ್ಬಚ್ಚಿಗೂ ಸಾಲದು. ಉಪವಾಸ ಬಿದ್ದಾಗಲೆಲ್ಲ ಮುಖ, ಸೊಂಟ ಸೊರಗುತ್ತವೆಯೇ ಹೊರತು ಕಾಲುಗಳು ಜಗ್ಗುವುದಿಲ್ಲ. ಎರಡೂ ಒಂದೇ ಸಮ ದಪ್ಪ. ಕಾಲ್ಗಿಣ್ಣಿನ ಬಳಿ ಬಳೆ ತೊಡಿಸಿದಂತೆ ಒಂದು ಅಂಚು, ಅದರ ಕೆಳಗೆ ಶಾಲಾ ಹುಡುಗಿಯ ಚಪ್ಪಲಿ ಹಿಡಿಸುವಷ್ಟು ಪುಟ್ಟ ಪಾದ. "ಕಟ್ಟಡ ಬಿದ್ರೂ ಈ ಎರಡು ಕಂಬ ನಿಲ್ಲುತ್ವೆ ಬಿಡಣ್ಣ" ಎಂದು, ಬೇರೆಯವರಿಗೆ ಅವಕಾಶ ಕೊಡದೆ, ತಾನೇ ಮೊದಲು ನಗುತ್ತಾಳೆ. ಮೇಜಿನ ಅಂಚು ಸವರಿದರೂ ತೊಡೆ ನೀಲಿಗಟ್ಟುತ್ತದೆ. "ಮೇಜಿಗೂ ನನಗೂ ಹಳೇ ಜಗಳ" ಎನ್ನುತ್ತಾಳೆ. ಮೈನೆರೆದ ವರ್ಷ ಶುರುವಾದ ಈ ದಪ್ಪಕ್ಕೆ ನಮ್ಮ ಮನೆಯವರು, ಮೂಗು ಬಂದಂತೆ ಕಣ್ಣು ಬಂದಂತೆ, "ಅಮ್ಮನ ಕಾಲು ಬಂದಿದೆ" ಎನ್ನುತ್ತಿದ್ದರು. ಮಕ್ಕಳೆಂದರೆ ಪ್ರಾಣ ಬಿಡುವ ಈಕೆ ಯಾವ ಮಗುವನ್ನೂ ತೊಡೆಯ ಮೇಲೆ ಕೂರಿಸಿಕೊಂಡವಳಲ್ಲ. ನೆಂಟರು ಅದನ್ನು ಬಿಂಕವೆಂದರು. ಮೊನ್ನೆ ಇನ್ನೊಬ್ಬ ವೈದ್ಯೆ ಆಕೆಯ ಕಾಲನ್ನು ಮೆಲ್ಲಗೆ ಒತ್ತಿ "ನೋಯುತ್ತಾಮ್ಮ?" ಎಂದು ಕೇಳಿದರು. ತಂಗಿ ಬೆರಗಾಗಿ "ಒತ್ತಿದ್ರೆ ಎಲ್ಲರ ಕಾಲೂ ನೋಯಲ್ವಾ ಡಾಕ್ಟ್ರೇ?" ಎಂದಳು. ಆಮೇಲೆ ನನ್ನತ್ತ ತಿರುಗಿ, "ಅಣ್ಣಾ, ಅಮ್ಮನೂ ನಮ್ಮನ್ನ ತೊಡೆ ಮೇಲೆ ಕೂರಿಸ್ಕೊಳ್ತಿರ್ಲಿಲ್ಲ ಅಲ್ವಾ?" ಎಂದಳು. ಆ ವೈದ್ಯೆ ಹೇಳಿದಂತೆ, ಕಾಲಲ್ಲಿ ನೋಯುವ ಕೊಬ್ಬು ತುಂಬುವ, ಮನೆತನದಲ್ಲಿ ಹರಿದು ಬರುವ ಈ ಕಾಯಿಲೆಯ ಹೆಸರು ಲಿಪಿಡೀಮಾ, ಹೊಟ್ಟೆಬಾಕತನವಲ್ಲ. ಆದ್ದರಿಂದ, ಮೊದಲನೆಯ ವೈದ್ಯರೇ, ಇನ್ನು ಮುಂದೆ ಇಂಥ ಹೆಂಗಸು ಬಂದರೆ ಊಟದ ಮಾತೆತ್ತುವ ಮೊದಲು ಕುರ್ಚಿಯಿಂದೆದ್ದು ಬಂದು, ಕಾಲು ಮುಟ್ಟಿ, ನೋಯುತ್ತದೆಯೇ ಎಂದು ಕೇಳತಕ್ಕದ್ದು.